ಸರೀಕನ ಮಾತು: ಮಾಜಿ ಸೈನಿಕರ ಆರೋಗ್ಯವೂ ಗೆಳೆಯರ ಕೂಟವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮಾಜಿ ಸೈನಿಕರ ಯೋಗಕ್ಷೇಮವನ್ನು ನೋಡಿಕೊಳ್ಳುವುದಕ್ಕೆಂದೇ ಒಂದು ಪ್ರತ್ಯೇಕ ಇಲಾಖೆಯಿದೆ. ಆಸ್ಪತ್ರೆಗಳು, ಚಿಕಿತ್ಸಾಲಯಗಳು, ಪಿಂಚಣಿಯ ಕಚೇರಿಗಳು, ಕಡೆಗೆ ಸ್ಮಶಾನಭೂಮಿಗಳು ಕೂಡ ಅದರ ಆಡಳಿತಕ್ಕೆ ಸೇರಿದವು. 2025ರ ಆರಂಭದಲ್ಲಿ ಅದರಲ್ಲಿ ಸುಮಾರು 4,80,000 ಮಂದಿ ನೌಕರರಿದ್ದರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಇವರ ಪೈಕಿ ಸುಮಾರು 80,000 ಮಂದಿಯನ್ನು ಕಡಿಮೆ ಮಾಡುವ ಆಲೋಚನೆ ಹೊರಬಿದ್ದು ದೇಶದಲ್ಲೆಲ್ಲ ಗುಲ್ಲೆದ್ದಿತು. ಜುಲೈ ತಿಂಗಳಲ್ಲಿ ಇಲಾಖೆಯೇ ಮತ್ತೊಂದು ಪ್ರಕಟಣೆ ಹೊರಡಿಸಿ, ಅಷ್ಟು ದೊಡ್ಡ ಕಡಿತದ ಅಗತ್ಯವಿಲ್ಲವೆಂದೂ, ಬಹುಮಟ್ಟಿಗೆ ನಿವೃತ್ತಿ ರಾಜೀನಾಮೆಗಳಿಂದಲೇ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಸುಮಾರು 30,000 ಮಂದಿ ಕಡಿಮೆಯಾಗುವರೆಂದೂ ತಿಳಿಸಿತು.

ಸರ್ಕಾರದ ಕೈ ಬಿಗಿಯಾದಾಗಲೆಲ್ಲ ಎಲ್ಲ ದೇಶಗಳಲ್ಲಿಯೂ ಕೇಳಿಬರುವ ಮಾತೊಂದುಂಟು: ಜನರು ತಮ್ಮ ತಮ್ಮಲ್ಲಿಯೇ ಒಬ್ಬರಿಗೊಬ್ಬರು ನೆರವಾಗಲಿ ಎಂಬುದು. ಮಾತು ಕೇಳುವುದಕ್ಕೆ ಹಿತವಾಗಿದೆ. ಅದರಲ್ಲಿ ಸತ್ಯವೂ ಇಲ್ಲದಿಲ್ಲ. ಅಮೆರಿಕದ ಮಾಜಿ ಸೈನಿಕರ ವಿಷಯದಲ್ಲಂತೂ ಈ ಪರಸ್ಪರ ನೆರವು ಬರಿಯ ಉಪದೇಶವಾಗಿ ಉಳಿದಿಲ್ಲ. ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ನಡೆದುಬಂದಿದೆ, ಕಾನೂನಿನಲ್ಲಿ ಸ್ಥಾನ ಪಡೆದಿದೆ, ವೈದ್ಯಶಾಸ್ತ್ರದ ಅಳತೆಗೋಲಿಗೂ ಒಳಪಟ್ಟಿದೆ. ಆದ್ದರಿಂದ ಆ ನೆರವು ಏನನ್ನು ಸಾಧಿಸಬಲ್ಲದು, ಏನನ್ನು ಸಾಧಿಸಲಾರದು ಎಂಬುದನ್ನು ಊಹೆಯಿಂದಲ್ಲದೆ ಅನುಭವದಿಂದಲೇ ವಿಚಾರಿಸಬಹುದಾಗಿದೆ. ಈ ವಿಚಾರ ನಮಗೆ ದೂರದ್ದೇನೂ ಅಲ್ಲವೆಂಬುದು ಲೇಖನದ ಕಡೆಯಲ್ಲಿ ವಾಚಕರಿಗೆ ತಾನಾಗಿಯೇ ತಿಳಿದೀತು.

ನಮ್ಮ ಭಾಷೆಯಲ್ಲಿ 'ಸರೀಕ' ಎಂಬ ಒಂದು ಒಳ್ಳೆಯ ಮಾತಿದೆ. ವಯಸ್ಸಿನಲ್ಲಿ, ಅಂತಸ್ತಿನಲ್ಲಿ, ಬದುಕಿನ ಅನುಭವದಲ್ಲಿ ನಮಗೆ ಸರಿಸಮಾನನಾದವನು ಸರೀಕ. ಈ ಮಾತಿಗೆ ಎರಡು ಅಲಗುಗಳಿವೆ. ಸರೀಕರ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅಂಜಿಕೆಯಿಂದ ಮನುಷ್ಯ ತನ್ನ ಕುಂದನ್ನು ಮುಚ್ಚಿಡುತ್ತಾನೆ. ಆದರೆ ತನ್ನ ಕುಂದನ್ನು ಸರೀಕನೇ ಮೊದಲು ಬಾಯಿಬಿಟ್ಟು ಹೇಳಿಕೊಂಡರೆ, ಯಾವ ಪಂಡಿತನ ಮಾತಿಗೂ ಕರಗದ ಬಿಗುಮಾನ ಒಂದೇ ಗಳಿಗೆಯಲ್ಲಿ ಕರಗಿಹೋಗುತ್ತದೆ. ಮಾಜಿ ಸೈನಿಕರ ಗೆಳೆಯರ ಕೂಟಗಳ ಮರ್ಮವೆಲ್ಲ ಈ ಎರಡನೆಯ ಅಲಗಿನಲ್ಲಿದೆ.

ಒಪ್ಪಿಸಿಕೊಟ್ಟ ಮೈ

ಸೈನಿಕನ ಆರೋಗ್ಯದ ಪ್ರಶ್ನೆ ಇತರರ ಆರೋಗ್ಯದ ಪ್ರಶ್ನೆಗಿಂತ ಏಕೆ ಬೇರೆ ಎಂದು ಯಾರಾದರೂ ಕೇಳಬಹುದು. ಸೈನ್ಯಕ್ಕೆ ಸೇರಿದ ದಿನವೇ ಯುವಕ ತನ್ನ ಮೈಯನ್ನು ದಂಡಿಗೆ ಒಪ್ಪಿಸಿಬಿಡುತ್ತಾನೆ. ಏಳುವ ಹೊತ್ತು, ಉಣ್ಣುವ ಹೊತ್ತು, ತಲೆಗೂದಲಿನ ಉದ್ದ, ಕಾಲಿನ ಬೂಟು, ತೋಳಿಗೆ ಚುಚ್ಚುವ ಸೂಜಿಮದ್ದು, ಎಲ್ಲವನ್ನೂ ಬೇರೆಯವರೇ ಗೊತ್ತುಮಾಡುತ್ತಾರೆ. ನೋವನ್ನು ನುಂಗುವುದು ಅವನಿಗೆ ಗುಣವೆಂದು ಕಲಿಸಲ್ಪಡುತ್ತದೆ. ಮೈ ಸರಿಯಿಲ್ಲವೆಂದು ಮತ್ತೆ ಮತ್ತೆ ವೈದ್ಯನ ಬಾಗಿಲಿಗೆ ಹೋಗುವವನನ್ನು ಕೆಲಸಗಳ್ಳನೆಂದು ನೋಡುವುದು ಎಲ್ಲ ಸೈನ್ಯಗಳಲ್ಲಿಯೂ ಇರುವ ಪದ್ಧತಿ. ರಣರಂಗದಲ್ಲಿ ಇದು ಬೇಕಾದ ಶಿಕ್ಷಣವೇ ಇರಬಹುದು. ಆದರೆ ಬಿಡುಗಡೆಯ ದಿನ ಪೆಟ್ಟಿಗೆ ಹಾಸಿಗೆಗಳ ಜೊತೆಗೆ ಆ ಮೈಯೂ ಅವನಿಗೆ ಮರಳಿ ಬರುತ್ತದೆ. ಇನ್ನು ಮೇಲೆ ಅದರ ಆಳಿಕೆ ಅವನದೇ. ಅದನ್ನು ಹೇಗೆ ಆಳಬೇಕೆಂಬುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ಕಾಣಬಹುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಬರುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಮಧುಮೇಹವಿದೆ. ಮಧುಮೇಹ, ರಕ್ತದೊತ್ತಡಗಳಂಥ ವ್ಯಾಧಿಗಳು ಶಸ್ತ್ರಚಿಕಿತ್ಸೆಯಿಂದ ಒಂದೇ ಪೆಟ್ಟಿಗೆ ಹೋಗುವವಲ್ಲ. ದಿನದಿನದ ಊಟ, ನಡಿಗೆ, ಗುಳಿಗೆ, ಇವುಗಳಲ್ಲಿ ರೋಗಿಯೇ ತನಗೆ ತಾನು ಶುಶ್ರೂಷಕನಾಗಬೇಕು. ವರ್ಷಕ್ಕೆ ನಾಲ್ಕು ಬಾರಿ ಕಾಣುವ ವೈದ್ಯನಿಗೆ ವರ್ಷದ ಉಳಿದ ದಿನಗಳ ಮೇಲೆ ಯಾವ ಅಧಿಕಾರವೂ ಇಲ್ಲ. ಇನ್ನು ಮನಸ್ಸಿನ ವ್ಯಾಧಿಗಳ ಮಾತಂತೂ ಹೇಳುವಂತೆಯೇ ಇಲ್ಲ. ಇಲಾಖೆಯ ಲೆಕ್ಕದಂತೆ 2022ರಲ್ಲಿ 6,407 ಮಂದಿ ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತಿರದ ಕಾಲದಲ್ಲಿ ಇಲಾಖೆಯ ಆಸ್ಪತ್ರೆಗಳಲ್ಲಿ ಆರೈಕೆ ಪಡೆದವರೇ ಅಲ್ಲ. ಆಸ್ಪತ್ರೆಯ ಬಾಗಿಲು ತೆರೆದಿದ್ದರೆ ಸಾಲದು, ಬಾಗಿಲಿನವರೆಗೆ ಕೈಹಿಡಿದು ಕರೆತರುವವನೊಬ್ಬ ಬೇಕು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಬೇರೆ ಬೇಕಾಗಿಲ್ಲ.

ಎರಡು ಆರಂಭಗಳು

ಈ ಬಗೆಯ ನೆರವಿನ ಚರಿತ್ರೆಯಲ್ಲಿ 1935ನೆಯ ವರ್ಷ ಸ್ಮರಣೀಯವಾದುದು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಬಿಲ್ ವಿಲ್ಸನ್ ಎಂಬವನು ಕುಡಿತದಿಂದ ಬದುಕನ್ನು ಹಾಳುಮಾಡಿಕೊಂಡು, ಬಹಳ ಕಷ್ಟಪಟ್ಟು ಅದನ್ನು ಬಿಟ್ಟಿದ್ದ. ಆ ವರ್ಷದ ಮೇ ತಿಂಗಳಲ್ಲಿ ವ್ಯವಹಾರದ ಕೆಲಸಕ್ಕೆಂದು ಓಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ಹೋದಾಗ ವ್ಯವಹಾರ ಕೆಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದವನಿಗೆ ಮತ್ತೆ ಕುಡಿಯುವ ಆಸೆ ಮರುಕಳಿಸಿತು. ಆಗ ಅವನಿಗೆ ಹೊಳೆದ ಉಪಾಯ ವಿಚಿತ್ರವಾದುದು: ತನ್ನಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬನನ್ನು ಹುಡುಕಿ ಅವನೊಡನೆ ಮಾತನಾಡುವುದು. ಹಾಗೆ ಸಿಕ್ಕವನು ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇವರಿಬ್ಬರ ಮಾತುಕತೆಯಿಂದಲೇ ಮದ್ಯವ್ಯಸನಿಗಳ ಜಗದ್ವಿಖ್ಯಾತ ಸ್ವಸಹಾಯ ಸಂಘ ಹುಟ್ಟಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಲ್ಸನ್ ಆ ವೈದ್ಯನನ್ನು ಹುಡುಕಿದ್ದು ಪರೋಪಕಾರಕ್ಕಾಗಿ ಅಲ್ಲ, ತನ್ನ ರಕ್ಷಣೆಗಾಗಿ. ಮತ್ತೊಬ್ಬನನ್ನು ಉಳಿಸಲು ಹೊರಟರೆ ತಾನು ಉಳಿದೇನೆಂಬುದು ಅವನ ಅನುಭವಕ್ಕೆ ಬಂದಿತ್ತು.

ಎರಡನೆಯ ಆರಂಭ ಮಾಜಿ ಸೈನಿಕರದೇ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಹಿಂದಿನ ಯುದ್ಧಗಳ ವೀರರಿಗೆ ದೊರೆತ ಮೆರವಣಿಗೆಯಾಗಲಿ ಮನ್ನಣೆಯಾಗಲಿ ದೊರೆಯಲಿಲ್ಲ. ನಿದ್ರೆಗೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸತ್ತ ಗೆಳೆಯರ ನೆನಪಿನಿಂದ ಕೊರಗುವುದು, ಇವಕ್ಕೆ ಆಗಿನ ವೈದ್ಯಗ್ರಂಥಗಳಲ್ಲಿ ಒಪ್ಪಿತವಾದ ಹೆಸರು ಸಹ ಇರಲಿಲ್ಲ. 1970ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ, ಯುದ್ಧವನ್ನು ವಿರೋಧಿಸುತ್ತಿದ್ದ ಮಾಜಿ ಸೈನಿಕರು ತಮ್ಮ ಸಂಘದ ಕಚೇರಿಯಲ್ಲಿ ಕುಳಿತು ಮಾತನಾಡತೊಡಗಿದರು. ರಾಬರ್ಟ್ ಜೇ ಲಿಫ್ಟನ್, ಛೈಮ್ ಶಾಟನ್ ಮೊದಲಾದ ಮನೋವೈದ್ಯರು ಅವರ ಕರೆಗೆ ಓಗೊಟ್ಟು ಅಲ್ಲಿಗೆ ಹೋದರು. ರೋಗಿಗಳು ವೈದ್ಯರಲ್ಲಿಗೆ ಬರಲಿಲ್ಲ, ವೈದ್ಯರೇ ಅವರಲ್ಲಿಗೆ ಹೋದರು. ವೈದ್ಯನ ಎತ್ತರದ ಕುರ್ಚಿಯನ್ನು ಬಿಟ್ಟು ಅವರ ನಡುವೆ ಒಬ್ಬರಾಗಿ ಕುಳಿತರು. ಶಾಟನ್ ಈ ಸಂಕಟವನ್ನು ಕುರಿತು 1972ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆದು ಜನರ ಕಣ್ತೆರೆಸಿದ. ಲಿಫ್ಟನ್ 1973ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ.

ಈ ಹರಟೆಯ ಕೂಟಗಳಿಂದ ಎರಡು ದೊಡ್ಡ ಫಲಗಳು ಒದಗಿದವು. 1979ರಲ್ಲಿ ಅಮೆರಿಕದ ಕಾಂಗ್ರೆಸ್ ಸಭೆ ಆಸ್ಪತ್ರೆಗಳಿಂದ ಹೊರಗೆ, ಊರ ಬೀದಿಗಳಲ್ಲಿ, ಮಾಜಿ ಸೈನಿಕರಿಗಾಗಿ ಸಮಾಲೋಚನೆಯ ಕೇಂದ್ರಗಳನ್ನು ತೆರೆಯಲು ಒಪ್ಪಿಗೆ ನೀಡಿತು. ಆಗ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವನು ವಿಯೆಟ್ನಾಮಿನಲ್ಲಿ ಎರಡು ಕಾಲುಗಳನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ ಮ್ಯಾಕ್ಸ್ ಕ್ಲೀಲೆಂಡ್ ಎಂಬುದನ್ನು ಮರೆಯುವಂತಿಲ್ಲ. ಇಂದು ಇಂಥ ಕೇಂದ್ರಗಳು ಸುಮಾರು 300 ಇವೆ. ಅವುಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರು. ಮರುವರ್ಷವೇ, ಎಂದರೆ 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಆಘಾತದ ಅನಂತರ ಉಳಿದುಬರುವ ಮನಃಕ್ಲೇಶವನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಸೈನಿಕರು ತಮ್ಮತಮ್ಮಲ್ಲಿ ಆಡಿಕೊಂಡ ಮಾತು ಶಾಸ್ತ್ರವನ್ನೇ ತಿದ್ದಿದ ಅಪೂರ್ವ ನಿದರ್ಶನ ಇದು.

ಅಳೆದು ನೋಡಿದ ಗೆಳೆತನ

ಮನಸ್ಸಿನ ವ್ಯಾಧಿಗೆ ಮಾತು ಮದ್ದಾದೀತು, ಮೈಯ ವ್ಯಾಧಿಗೂ ಆದೀತೇ ಎಂಬುದು ಮುಂದಿನ ಪ್ರಶ್ನೆ. ಗೆಳೆತನವನ್ನು ತಕ್ಕಡಿಯಲ್ಲಿ ತೂಗುವುದು ಅಸಾಧ್ಯವೆಂದು ತೋರುತ್ತದೆ. ಆದರೂ ಅದರ ಪರಿಣಾಮವನ್ನು ರಕ್ತದ ಪರೀಕ್ಷೆಯಲ್ಲಿ ಕಾಣಬಹುದೆಂದು ಕೆಲವು ವೈದ್ಯರು ತೋರಿಸಿದ್ದಾರೆ.

ಮಿಷಿಗನ್ ವಿಶ್ವವಿದ್ಯಾಲಯದ ಮಿಷೆಲ್ ಹೈಸ್ಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಲಾಖೆಯ ಎರಡು ಆಸ್ಪತ್ರೆಗಳಿಗೆ ಸೇರಿದ, ಮಧುಮೇಹ ಹತೋಟಿಗೆ ಬಾರದ 244 ಮಂದಿ ಪುರುಷರಿದ್ದರು. ಅವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರಿಗೆ ಅನುಭವಸ್ಥ ದಾದಿಯೊಬ್ಬಳ ಮೇಲ್ವಿಚಾರಣೆ. ಇನ್ನೊಂದು ಗುಂಪಿನಲ್ಲಿ ರೋಗಿಗೆ ರೋಗಿಯನ್ನೇ ಜೊತೆಮಾಡಿ, ವಾರಕ್ಕೊಮ್ಮೆ ದೂರವಾಣಿಯಲ್ಲಿ ಪರಸ್ಪರ ವಿಚಾರಿಸಿಕೊಳ್ಳುವಂತೆ ಏರ್ಪಾಡು. ಇಬ್ಬರಲ್ಲಿ ಯಾರೂ ಗುರುವಲ್ಲ, ಯಾರೂ ಶಿಷ್ಯನಲ್ಲ. ಇಬ್ಬರ ರೋಗವೂ ಹತೋಟಿ ತಪ್ಪಿದ್ದೇ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯೊಂದುಂಟು. ಆರು ತಿಂಗಳ ಮೇಲೆ ನೋಡಿದಾಗ, ಜೊತೆಗಾರರ ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 8.02ರಿಂದ 7.73ಕ್ಕೆ ಇಳಿದಿತ್ತು. ದಾದಿಯ ಗುಂಪಿನಲ್ಲಿ 7.93ರಿಂದ 8.22ಕ್ಕೆ ಏರಿತ್ತು. ಇನ್ನೂ ಕುತೂಹಲದ ಸಂಗತಿಯೆಂದರೆ, ಇನ್ಸುಲಿನ್ ಚುಚ್ಚಿಕೊಳ್ಳಲು ಹೊಸದಾಗಿ ಒಪ್ಪಿದವರು ಜೊತೆಗಾರರ ಗುಂಪಿನಲ್ಲಿ ಎಂಟು ಮಂದಿ, ಮತ್ತೊಂದರಲ್ಲಿ ಒಬ್ಬನೇ ಒಬ್ಬ. ಸೂಜಿಯ ಹೆದರಿಕೆಯನ್ನು ವೈದ್ಯನ ಮುಂದೆ ಹೇಳಿಕೊಳ್ಳಲಾರದವನು ಸರೀಕನ ಮುಂದೆ ಹೇಳಿಕೊಂಡಿರಬೇಕು, ಅಥವಾ ಸರೀಕನೇ ಚುಚ್ಚಿಕೊಂಡದ್ದನ್ನು ಕೇಳಿ ಹೆದರಿಕೆ ಬಿಟ್ಟಿರಬೇಕು ಎಂದು ನಾವು ಊಹಿಸಬಹುದು.

ಎರಡು ವರ್ಷಗಳ ಮೇಲೆ, 2012ರಲ್ಲಿ, ಫಿಲಡೆಲ್ಫಿಯಾದ ಜೂಡಿತ್ ಲಾಂಗ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇದರಲ್ಲಿದ್ದವರು 50ರಿಂದ 70 ವರ್ಷದೊಳಗಿನ 118 ಮಂದಿ ಆಫ್ರಿಕನ್ ಅಮೆರಿಕನ್ ಮಾಜಿ ಸೈನಿಕರು. ಒಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಎರಡನೆಯದಕ್ಕೆ, ಹಿಂದೆ ಇದೇ ರೋಗದಿಂದ ಕೆಟ್ಟು ಆಮೇಲೆ ಹತೋಟಿಗೆ ತಂದುಕೊಂಡ ಸರೀಕನೊಬ್ಬನ ಮಾರ್ಗದರ್ಶನ. ಮೂರನೆಯದಕ್ಕೆ ಹಣದ ಆಸೆ: ಸಕ್ಕರೆಯ ಪ್ರಮಾಣ ಒಂದು ಅಂಶ ಇಳಿದರೆ 100 ಡಾಲರ್, ಎರಡು ಅಂಶ ಇಳಿದರೆ 200 ಡಾಲರ್. ಆರು ತಿಂಗಳಲ್ಲಿ ಮಾಮೂಲು ಗುಂಪು 9.9ರಿಂದ 9.8ಕ್ಕೆ ಬಂದಿತು, ಹಣದ ಗುಂಪು 9.5ರಿಂದ 9.1ಕ್ಕೆ, ಸರೀಕನ ಮಾತು ಕೇಳಿದ ಗುಂಪು 9.8ರಿಂದ 8.7ಕ್ಕೆ ಇಳಿದಿತ್ತು. ಹಣಕ್ಕಿಂತ ಮಾತು ಹೆಚ್ಚು ಬೆಲೆ ಬಾಳಿತೆಂದು ಇದರ ತಾತ್ಪರ್ಯ. ಆ ಮಾರ್ಗದರ್ಶಕರಿಗೆ ದೊರೆತ ತರಬೇತಿ ಸುಮಾರು ಒಂದು ಗಂಟೆಯದು, ಸಂಭಾವನೆ ತಿಂಗಳಿಗೆ 20 ಡಾಲರ್.

ಸೋಲು ಕಲಿಸಿದ ಪಾಠ

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ಸತ್ಯಕ್ಕೆ ಇನ್ನೊಂದು ಮಗ್ಗುಲಿದೆ. ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿ ನಗರದ ಸುತ್ತಮುತ್ತ ಮಾಜಿ ಸೈನಿಕರ ಸಂಘಗಳ ಶಾಖೆಗಳು ಅನೇಕವಿವೆ. ಸಂಜೆ ಸೇರುವುದು, ಬಾವುಟ ಹಾರಿಸುವುದು, ಇಸ್ಪೀಟು ಆಡುವುದು, ಒಂದಿಷ್ಟು ಬಿಯರ್ ಕುಡಿಯುವುದು, ಸತ್ತವರ ಶವಯಾತ್ರೆಗೆ ಗೌರವ ಸಲ್ಲಿಸುವುದು ಇಂಥ ಶಾಖೆಗಳ ದಿನಚರಿ. ಅಲ್ಲಿನ ವೈದ್ಯ ಜೆಫ್ರಿ ವಿಟಲ್ ಮತ್ತು ಸಂಗಡಿಗರು ಈ ಶಾಖೆಗಳನ್ನೇ ಆರೋಗ್ಯದ ಪಾಠಶಾಲೆಗಳನ್ನಾಗಿ ಮಾಡಲು ಹೊರಟರು. ಕೆಲವು ಶಾಖೆಗಳಲ್ಲಿ ಸದಸ್ಯರನ್ನೇ ಆರಿಸಿ ತರಬೇತಿ ಕೊಟ್ಟು, ರಕ್ತದೊತ್ತಡದ ವಿಷಯವಾಗಿ ಸಭೆಗಳಲ್ಲಿ ಮಾತನಾಡಿಸಿದರು. ಇನ್ನು ಕೆಲವು ಶಾಖೆಗಳಲ್ಲಿ ವೈದ್ಯಶಾಸ್ತ್ರ ಬಲ್ಲವರಿಂದ ಕೆಲವೇ ಉಪನ್ಯಾಸಗಳನ್ನು ಏರ್ಪಡಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶವನ್ನು ನೋಡಿದರೆ, ವರ್ಷದ ಕೊನೆಗೆ ಎರಡು ಕಡೆಗಳಲ್ಲಿಯೂ ಒತ್ತಡ ಸ್ವಲ್ಪ ಇಳಿದಿತ್ತು. ಆದರೆ ಸರೀಕರ ಮಾತಿಗೂ ಪಂಡಿತರ ಮಾತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಏಕೆ ಹೀಗಾಯಿತು? ಜನ ಬೇರೆ, ರೋಗ ಬೇರೆ, ಎದುರಿಗಿಟ್ಟು ತೂಗಿದ ವಸ್ತುವೂ ಬೇರೆಯಾದ್ದರಿಂದ ಇದೇ ಕಾರಣವೆಂದು ಖಂಡಿತವಾಗಿ ಹೇಳುವಂತಿಲ್ಲ. ಆದರೂ ಮೂರು ಪರೀಕ್ಷೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಾರ ಮನಸ್ಸಿಗೆ ಬರುತ್ತದೆ. ಮೊದಲಿನ ಎರಡರಲ್ಲಿ ಒಬ್ಬನ ಪಾಲಿಗೆ ಒಬ್ಬನಿದ್ದ. ಮಂಗಳವಾರ ಸಂಜೆ ಜೊತೆಗಾರ ಕರೆಮಾಡುವನೆಂದು ಗೊತ್ತಿರುವವನು ಸೋಮವಾರ ಗುಳಿಗೆ ಮರೆಯಲಾರ. ತಾನೇ ಕರೆಮಾಡಿ ಇನ್ನೊಬ್ಬನಿಗೆ ಬುದ್ಧಿ ಹೇಳಬೇಕಾದವನು ಆ ಬೆಳಿಗ್ಗೆ ಎರಡನೆಯ ಸಿಹಿಯುಂಡೆಗೆ ಕೈಹಾಕಲು ಹಿಂದೆಮುಂದೆ ನೋಡುತ್ತಾನೆ. ಮೂರನೆಯದರಲ್ಲಾದರೋ ಸಭೆಯೊಂದಿತ್ತು, ಎದ್ದುನಿಂತು ಮಾತನಾಡುವ ಸದಸ್ಯನೊಬ್ಬನಿದ್ದ. ಸರೀಕನು ಉಪನ್ಯಾಸಕನಾದ ಕ್ಷಣದಲ್ಲಿಯೇ ಅವನು ಅರ್ಧ ಸರೀಕನಾಗಿ ಉಳಿಯುವುದಿಲ್ಲವೇ? ವೇದಿಕೆಯ ಮೇಲಿನ ಮಾತು ಯಾರದಾದರೂ ಒಂದೇ, ಕೇಳಿದವನಿಗೆ ಅದರ ಬಾಧ್ಯತೆಯಿಲ್ಲ.

ಆದ್ದರಿಂದ ಈ ಕೂಟಗಳ ಬಲವಿರುವುದು ಬುದ್ಧಿವಾದದಲ್ಲಲ್ಲ, ಹೊಣೆಗಾರಿಕೆಯಲ್ಲಿ ಎಂದು ಹೇಳಬೇಕಾಗುತ್ತದೆ. ತನ್ನ ಮೈಯನ್ನು ತಾನು ನೋಡಿಕೊಳ್ಳುವುದು ಸೈನಿಕನಿಗೆ ಹೇಡಿತನವೆಂದೋ ಸ್ವಾರ್ಥವೆಂದೋ ತೋರುತ್ತದೆ. ಆದರೆ ಜೊತೆಗಾರನನ್ನು ನೋಡಿಕೊಳ್ಳುವುದು ಅವನಿಗೆ ಮೊದಲ ದಿನದಿಂದ ಕಲಿಸಿದ ಧರ್ಮ. ಗಾಯಗೊಂಡ ಗೆಳೆಯನನ್ನು ರಣರಂಗದಲ್ಲಿ ಬಿಟ್ಟುಬರಬಾರದೆಂಬ ಆ ಧರ್ಮವನ್ನೇ ಊಟದ ತಟ್ಟೆಗೂ ಔಷಧದ ಸೀಸೆಗೂ ವಿಸ್ತರಿಸಿದರೆ, ಗೆಳೆಯನ ಹೆಸರಿನಲ್ಲಿ ಅವನು ತನ್ನನ್ನೂ ಕಾಪಾಡಿಕೊಳ್ಳುತ್ತಾನೆ. ತನ್ನ ಆರೈಕೆಯ ಮನೆಗೆ ಅವನು ಹಿತ್ತಿಲ ಬಾಗಿಲಿನಿಂದ ಪ್ರವೇಶಿಸುತ್ತಾನೆ. ಆಕ್ರನ್ ನಗರದಲ್ಲಿ ವಿಲ್ಸನ್ ಕಂಡುಕೊಂಡದ್ದೂ ಇದನ್ನೇ.

ಬದಲಿಯಲ್ಲ, ಜೊತೆ

ಅಮೆರಿಕದ ಸರ್ಕಾರ ಈ ಸತ್ಯವನ್ನು ಒಂದು ಮಟ್ಟಿಗೆ ಒಪ್ಪಿಕೊಂಡಿದೆ. ರೋಗದಿಂದ ಚೇತರಿಸಿಕೊಂಡ ಮಾಜಿ ಸೈನಿಕರನ್ನು 'ಸರೀಕ ಸಹಾಯಕ'ರೆಂದು ಸಂಬಳ ಕೊಟ್ಟು ನೇಮಿಸುವ ಪದ್ಧತಿಗೆ 2008ರ ಕಾನೂನು ಅರ್ಹತೆಗಳನ್ನು ಗೊತ್ತುಮಾಡಿತು. 2012ರ ಆಗಸ್ಟಿನಲ್ಲಿ ಅಧ್ಯಕ್ಷ ಒಬಾಮ ಅವರ ಆಜ್ಞೆಯೊಂದು ಮರುವರ್ಷದ ಕೊನೆಯೊಳಗೆ 800 ಮಂದಿಯನ್ನು ನೇಮಿಸಬೇಕೆಂದು ವಿಧಿಸಿತು. 2018ರ ಇನ್ನೊಂದು ಕಾನೂನು ಅವರನ್ನು ಮನೋರೋಗದ ವಿಭಾಗದಿಂದಾಚೆಗೆ, ಸಾಮಾನ್ಯ ಚಿಕಿತ್ಸೆಯ ತಂಡಗಳಿಗೂ 30 ಆಸ್ಪತ್ರೆಗಳಲ್ಲಿ ಸೇರಿಸಬೇಕೆಂದಿತು. ವೈದ್ಯ, ದಾದಿ, ಔಷಧಗಾರರ ಸಾಲಿನಲ್ಲಿ 'ನಾನೂ ಅನುಭವಿಸಿದ್ದೇನೆ' ಎಂಬುದೇ ಯೋಗ್ಯತೆಯಾದ ಹುದ್ದೆಯೊಂದು ಸೇರಿದುದು ಸಣ್ಣ ಕ್ರಾಂತಿಯಲ್ಲ.

ಆದರೂ ಇದರಲ್ಲಿ ಅಪಾಯಗಳಿಲ್ಲದಿಲ್ಲ. ಹತ್ತು ಜನರ ದುಃಖವನ್ನು ದಿನವೂ ಕೇಳುವವನ ಹಳೆಯ ಗಾಯ ಮತ್ತೆ ತೆರೆದುಕೊಳ್ಳಬಹುದು. ಅವನನ್ನು ವಿಚಾರಿಸುವವರು ಯಾರು? ಕೂಟ ಕೆಲವೊಮ್ಮೆ ಹಳೆಯ ಕಹಿಯನ್ನೇ ಮೆಲುಕುಹಾಕುವ ಕಟ್ಟೆಯಾಗಬಹುದು. ಅಮೆರಿಕದ ಮಾಜಿ ಸೈನಿಕರಲ್ಲಿ ಸುಮಾರು 20 ಲಕ್ಷ ಮಂದಿ ಮಹಿಳೆಯರಿದ್ದಾರೆ. ಸೈನ್ಯದಲ್ಲಿಯೇ ಸಹಸೈನಿಕರಿಂದ ಹಿಂಸೆಗೊಳಗಾದ ಹೆಣ್ಣುಮಗಳಿಗೆ ಪುರುಷರೇ ತುಂಬಿದ ಕೂಟ ಆಶ್ರಯವಾಗುವುದು ಹೇಗೆ? ಅವಳ ಸರೀಕರು ಬೇರೆ, ಅವಳ ಕೂಟವೂ ಬೇರೆಯಾಗಿರಬೇಕು. ಸಮವಸ್ತ್ರ ಒಂದೇ ಆದಮಾತ್ರಕ್ಕೆ ಎಲ್ಲರೂ ಸರೀಕರಾಗುವುದಿಲ್ಲವೆಂಬುದನ್ನು ಇಂಥ ಏರ್ಪಾಡುಗಳನ್ನು ಮಾಡುವವರು ಮರೆಯಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಆರಂಭದಲ್ಲಿ ಸೂಚಿಸಿದುದು. ತಿಂಗಳಿಗೆ 20 ಡಾಲರಿನಲ್ಲಿ ಇಷ್ಟು ಫಲ ದೊರೆಯುವುದಾದರೆ ದಾದಿಯರೂ ವೈದ್ಯರೂ ಏತಕ್ಕೆ ಎಂದು ಲೆಕ್ಕದ ಪುಸ್ತಕ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಪರೀಕ್ಷೆಗಳ ಒಳಗೇ ಇದೆ. ಹೈಸ್ಲರ್ ಅವರ ಪರೀಕ್ಷೆಯಲ್ಲಿ ಜೊತೆಗಾರ ಎಂಟು ಮಂದಿಯನ್ನು ಇನ್ಸುಲಿನ್ನಿಗೆ ಒಪ್ಪಿಸಿದನೆಂದೇ ಇಟ್ಟುಕೊಳ್ಳೋಣ. ಆ ಇನ್ಸುಲಿನ್ ಬರೆದುಕೊಟ್ಟವನು ವೈದ್ಯ, ಕೊಟ್ಟದ್ದು ಆಸ್ಪತ್ರೆ. ಸರೀಕ ಬಾಗಿಲಿನವರೆಗೆ ಕರೆತಂದಾಗ ಬಾಗಿಲಿನ ಹಿಂದೆ ವೈದ್ಯನಿರಬೇಕು. ಇಲ್ಲವಾದರೆ ಗೆಳೆಯನನ್ನು ನಂಬಿ ಬಂದವನು ಆಸ್ಪತ್ರೆಯ ಮೇಲಿನ ನಂಬಿಕೆಯ ಜೊತೆಗೆ ಗೆಳೆಯನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ. ಗೆಳೆತನದ ಹೆಸರಿನಲ್ಲಿ ಸರ್ಕಾರ ತನ್ನ ಋಣವನ್ನು ತಪ್ಪಿಸಿಕೊಂಡರೆ ಗೆಳೆತನವೇ ಕೆಟ್ಟುಹೋಗುತ್ತದೆ.

ನಮ್ಮ ಅಂಗಳದಲ್ಲಿ

ಈ ಪ್ರಶ್ನೆ ನಮ್ಮದೂ ಆಗಿದೆ. ಕೊಡಗಿನಲ್ಲಿ ಸೈನಿಕನೊಬ್ಬನನ್ನು ಕಳುಹಿಸದ ಮನೆತನ ವಿರಳ. ಬೆಳಗಾವಿಯಲ್ಲಿ ಮರಾಠಾ ಪದಾತಿದಳದ ಕೇಂದ್ರ, ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ, ಹೀಗೆ ಸೈನ್ಯದೊಡನೆ ಕನ್ನಡನಾಡಿನ ನಂಟು ಹಳೆಯದು. ಹಳ್ಳಿಗಳಲ್ಲಿ 'ಮಿಲಿಟ್ರಿಯವರು' ಎಂಬ ಗೌರವದ ಹೆಸರಿನಿಂದ ಕರೆಯಿಸಿಕೊಳ್ಳುವ ಹವಾಲ್ದಾರರನ್ನೂ ಸುಬೇದಾರರನ್ನೂ ಎಲ್ಲರೂ ಕಂಡಿದ್ದಾರೆ. ಮಾಜಿ ಸೈನಿಕರು ಸಂಘಟಿತರಾಗಬೇಕೆಂಬ ವಿಚಾರಕ್ಕೂ ನಮ್ಮ ನಾಡಿನವರೇ ನಾಂದಿ ಹಾಡಿದರು. 1949ರಲ್ಲಿ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ನಿವೃತ್ತರಾದ ಮೇಲೆ, 1964ರಲ್ಲಿ, ಭಾರತದ ಮಾಜಿ ಸೈನಿಕರ ಲೀಗ್ ಸಂಸ್ಥೆಯನ್ನು ಸ್ಥಾಪಿಸಿದರು. ಆರೋಗ್ಯದ ವಿಷಯದಲ್ಲಿ 2003ರ ಏಪ್ರಿಲ್ ತಿಂಗಳಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯಡಿ ದೇಶದಲ್ಲಿ ನಾನೂರಕ್ಕೂ ಹೆಚ್ಚು ಚಿಕಿತ್ಸಾಲಯಗಳು ನಡೆಯುತ್ತಿವೆ. ಎಂದರೆ ಬಾಗಿಲುಗಳಿವೆ. ಬಾಗಿಲಿನವರೆಗೆ ಕರೆತರುವ, ಬಾಗಿಲಿನಿಂದ ಮರಳಿದ ಮೇಲೆ ವಾರವಾರವೂ ವಿಚಾರಿಸುವ ಏರ್ಪಾಡನ್ನು ಕುರಿತು ನಾವು ಇನ್ನೂ ಗಂಭೀರವಾಗಿ ಯೋಚಿಸಬೇಕಾಗಿದೆ.

ಅದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ನಮ್ಮ ಮಾಜಿ ಸೈನಿಕರು ಒಟ್ಟಿಗೆ ಸೇರುವ ಸ್ಥಳವೊಂದು ಆಗಲೇ ಇದೆ: ಮಿಲಿಟರಿ ಕ್ಯಾಂಟೀನು. ತಿಂಗಳ ಸಾಮಾನಿಗಾಗಿ ಸಾಲಿನಲ್ಲಿ ನಿಂತವರು ಹಳೆಯ ಪಲ್ಟಣದ, ಹಳೆಯ ಗಡಿಠಾಣೆಯ ಮಾತನ್ನು ತಾವಾಗಿಯೇ ತೆಗೆಯುತ್ತಾರೆ. ಅಲ್ಲಿಯೇ ಮೂಲೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರವೊಂದಿರಲಿ. ಅದರ ಪಕ್ಕದಲ್ಲಿ ಉಪನ್ಯಾಸಕನಿರುವುದು ಬೇಡ, ಅದೇ ರೋಗವನ್ನು ಪಳಗಿಸಿದ ಸುಬೇದಾರರೊಬ್ಬರು ಕುಳಿತಿರಲಿ. ಸಾಲಿನಲ್ಲಿ ಹಿಂದೆಮುಂದೆ ನಿಂತ ಇಬ್ಬರ ದೂರವಾಣಿಯ ಸಂಖ್ಯೆಗಳನ್ನು ಜೋಡಿಸಿ, ಮುಂದಿನ ತಿಂಗಳವರೆಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಿರೆಂದು ಹೇಳಿದರೆ ಸಾಕು. ಮಿಲ್ವಾಕಿಯ ಸಭೆಗಿಂತ ಫಿಲಡೆಲ್ಫಿಯಾದ ಜೋಡಿ ನಮಗೆ ಹೆಚ್ಚು ಒಪ್ಪುವ ಮಾದರಿ.

ಇದಕ್ಕೆ ತಡಮಾಡುವಂತಿಲ್ಲವೆನ್ನಲು ಕಾರಣವೊಂದಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಮೂಲ ನಿಯಮದಂತೆ ನಾಲ್ಕು ವರ್ಷ ಸೇವೆ ಮುಗಿಸಿದವರಲ್ಲಿ ಶೇಕಡಾ 25ರವರೆಗೆ ಮಾತ್ರ ಸೈನ್ಯದಲ್ಲಿ ಉಳಿಯುತ್ತಾರೆ. ಉಳಿದವರು ಇಪ್ಪತ್ತರ ಹರೆಯದಲ್ಲಿಯೇ ಮನೆಗೆ ಮರಳಬೇಕು. ಅವರಿಗೆ ಒಂದು ಗಂಟು ಹಣವುಂಟು. ಯೋಜನೆ ಪ್ರಕಟವಾದಾಗ ಹೊರಬಿದ್ದ ನಿಯಮಗಳ ಪ್ರಕಾರ ಪಿಂಚಣಿಯೂ ಮೇಲೆ ಹೇಳಿದ ಆರೋಗ್ಯ ಯೋಜನೆಯೂ ಇಲ್ಲ, ಕ್ಯಾಂಟೀನಿನ ಸಾಲೂ ಇಲ್ಲ. ಹದಿನೇಳು ವರ್ಷ ಪಲ್ಟಣದಲ್ಲಿ ಬೆರೆತು ಬಂದ ಹವಾಲ್ದಾರನಿಗೆ ಗೆಳೆಯರ ಬಳಗವೊಂದು ತಾನಾಗಿಯೇ ಇರುತ್ತದೆ. ನಾಲ್ಕು ವರ್ಷದಲ್ಲಿ ಮರಳಿದ ಹುಡುಗನಿಗೆ ಅಂಥ ಬಳಗವನ್ನು ಯಾರು ಕಟ್ಟಿಕೊಟ್ಟಾರು? ಹಳೆಯ ಹವಾಲ್ದಾರರಿಗೂ ಈ ಹುಡುಗರಿಗೂ ಜೊತೆ ಬೆಸೆದರೆ ಇಬ್ಬರಿಗೂ ಲಾಭವಾದೀತು. ಆದರೆ ಹುಡುಗನಿಗೆ ವೈದ್ಯನ ಬಾಗಿಲೂ ಬೇಕೆಂಬುದನ್ನು ಆ ಜೊತೆ ಮರೆಸಬಾರದು.

ಪಿಂಚಣಿ ಪಡೆಯುವ ಸೈನಿಕ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂಬ ಪ್ರಮಾಣವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಸರ್ಕಾರಕ್ಕೆ ಆ ಪ್ರಶ್ನೆ ಅವಶ್ಯಕವೇ ಇರಬಹುದು. ಅದಕ್ಕೆ ಉತ್ತರ ಹೌದು ಅಥವಾ ಇಲ್ಲ, ಅಷ್ಟೆ. ಹೇಗೆ ಬದುಕಿದ್ದೀಯೆ ಎಂದು ಕೇಳುವುದು ಮತ್ತು ಉತ್ತರಕ್ಕಾಗಿ ಕಾಯುವುದು ಕಚೇರಿಯ ಕೆಲಸವಲ್ಲ. ಅದು ಸರೀಕನ ಕೆಲಸ. ಕಚೇರಿ ಮಾಡಬಹುದಾದದ್ದು ಇಷ್ಟು: ಆ ಸರೀಕನಿಗೆ ಕುಳಿತುಕೊಳ್ಳಲು ಒಂದು ಬೆಂಚು ಹಾಕಿಕೊಡುವುದು, ಅವನು ಕರೆತಂದವನಿಗೆ ಬಾಗಿಲು ತೆರೆಯುವುದು.